ಮೇಷ್ಟರ ನೆನಪಿನ ಪುಸ್ತಕ

ಕಾರ್ತಿಕ ಮಾಸದ ಎರಡನೆಯ ಸೋಮವಾರ, ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯನೊಬ್ಬ ಕೇಳಿದ:

"ಗುರುಗಳೇ, ನನಗೆ ಅಕ್ಷರ ಕಲಿಸಿದ ಮೇಷ್ಟರು ತೀರಿಕೊಂಡರು. ಅವರ ಬಗ್ಗೆ ಬರೆದುಕೊಡು ಎಂದು ಊರಿನವರು ಕೇಳಿದ್ದಾರೆ. ಸಣ್ಣಪುಟ್ಟ ಸಂಗತಿಗಳನ್ನು ಬಿಟ್ಟು ಅವರ ದೊಡ್ಡ ಗುಣಗಳನ್ನಷ್ಟೇ ಬರೆದರೆ ಸಾಲದೇ?"

ಗುರು ಒಂದು ಕತೆ ಹೇಳಿದರು.

ಒಂದು ಸಣ್ಣ ಊರಿನಲ್ಲಿ ಒಬ್ಬ ಮೇಷ್ಟರಿದ್ದರು. ಮೂವತ್ತನಾಲ್ಕು ವರ್ಷ ಒಂದೇ ಶಾಲೆಯಲ್ಲಿ ಗಣಿತ ಕಲಿಸಿದರು. ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಮನೆಗೆ ಬರುವುದು ಸಂಜೆ ಆರಕ್ಕೆ. ಮನೆಯಲ್ಲಿ ಹೆಂಡತಿ, ಒಬ್ಬಳು ಮಗಳು. ಇಬ್ಬರ ಮೇಲೂ ಅವರಿಗೆ ಪ್ರಾಣ. ಆದರೆ ಶಾಲೆಯ ಸುದ್ದಿಯನ್ನು ಮನೆಯಲ್ಲಿ ಆಡುವ ಅಭ್ಯಾಸ ಇರಲಿಲ್ಲ.

ಅವರು ತೀರಿಕೊಂಡ ಮೇಲೆ ಹಳೆಯ ವಿದ್ಯಾರ್ಥಿಗಳು ನೆನಪಿನ ಪುಸ್ತಕ ತರಲು ಹೊರಟರು. ಹೆಂಡತಿ ಅವರಲ್ಲಿ ಒಂದೇ ಬೇಡಿಕೆ ಇಟ್ಟಳು: "ಮನೆಯಲ್ಲಿದ್ದ ಮನುಷ್ಯನನ್ನು ನಾನು ಬಲ್ಲೆ. ಒಂಬತ್ತರಿಂದ ಆರರವರೆಗಿನ ಮನುಷ್ಯ ನನಗೆ ಗೊತ್ತಿಲ್ಲ. ಒಬ್ಬೊಬ್ಬರೂ ಕಣ್ಣಾರೆ ಕಂಡ ಒಂದೊಂದು ಸಂಗತಿ ಬರೆಯಿರಿ."

ನಲವತ್ತೊಂದು ಮಂದಿ ಬರೆದರು. ಸಂಪಾದಕನೂ ಮೇಷ್ಟರ ಶಿಷ್ಯನೇ. ಅವರನ್ನು ದೇವರೆಂದೇ ನಂಬಿದವನು. ಬಂದ ಬರಹಗಳನ್ನು ಓದಿ ಅವನಿಗೆ ಕಸಿವಿಸಿಯಾಯಿತು. ಗುರುಗಳ ಬಗ್ಗೆ ಹೀಗೆಲ್ಲ ಅಚ್ಚು ಹಾಕಿಸಬಾರದು ಎಂದುಕೊಂಡು ಎಲ್ಲವನ್ನೂ ತಿದ್ದಿದ. ಪುಸ್ತಕ ಬಂದ ಮೇಲೆ, ಅಕ್ಷರವಿರುವ ಹಾಳೆಗಳು ರದ್ದಿಗೆ ಹೋಗಬಾರದೆಂದು, ಆ ನಲವತ್ತೊಂದು ಮಂದಿ ಕೈಯಲ್ಲಿ ಬರೆದುಕೊಟ್ಟಿದ್ದನ್ನು ಹೊಳೆಗೆ ಬಿಟ್ಟು ಕೈಮುಗಿದ.

ಮಗಳು ಪುಸ್ತಕವನ್ನು ತಾಯಿಗೆ ಓದಿ ಹೇಳಿದಳು. ಪುಟಪುಟದಲ್ಲೂ ಆದರ್ಶ, ತ್ಯಾಗ, ಶಿಸ್ತು. ಕಷ್ಟಪಟ್ಟು ಮಾಡಿದವರ ಮನಸ್ಸು ನೋಯಬಾರದೆಂದು ತಾಯಿ ಐದು ವರ್ಷ ಸುಮ್ಮನಿದ್ದಳು. ಆ ಐದು ವರ್ಷವೂ ಮೇಷ್ಟರ ಪುಣ್ಯತಿಥಿಯಂದು ಬರೆದವರೆಲ್ಲ ಸೇರಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು.

ಆರನೆಯ ವರ್ಷ ಆಕೆ ಹಾಸಿಗೆ ಹಿಡಿದಳು. ಸಂಪಾದಕ ನೋಡಲು ಹೋದ.

"ಏನಪ್ಪ, ನೀನು ಮಾಡಿದ್ದು ನಮ್ಮ ಯಜಮಾನರ ಪುಸ್ತಕವೋ, ಊರದೇವರ ಮಹಾತ್ಮೆಯೋ?" ಎಂದಳು. "ಅವರನ್ನು ಅದರಲ್ಲಿ ಹುಡುಕಿ ಹುಡುಕಿ ಸಾಕಾಯಿತು. ಬರೆದವರು ಮೊದಲು ಏನು ಬರೆದಿದ್ದರು, ಹೇಳು."

"ಅದೆಲ್ಲ ಸಣ್ಣ ವಿಷಯ, ಅಮ್ಮ."

"ನನಗೆ ಸಣ್ಣದೇ ಸಾಕು."

ಅವನು ನೆನಪಿಸಿಕೊಂಡು ಹೇಳಿದ. ಭಿನ್ನರಾಶಿ ಕಲಿಸುವ ದಿನ ಮೇಷ್ಟರು ತಮ್ಮ ಬುತ್ತಿಯ ರೊಟ್ಟಿಗಳನ್ನು ಹರಿದು ಅರ್ಧ, ಕಾಲು ತೋರಿಸುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಮಕ್ಕಳು ತುಂಡುಗಳನ್ನೆಲ್ಲ ತಿಂದಿರುತ್ತಿದ್ದರು. ಅದನ್ನು ಅವನು 'ಮನಮುಟ್ಟುವ ಬೋಧನೆ' ಎಂದು ತಿದ್ದಿದ್ದ. ಮಗಳು ಹುಟ್ಟಿದ ಮರುದಿನ ಅವಳ ತೂಕವನ್ನು ಹಲಗೆಯ ಮೇಲೆ ಬರೆದು, ಗ್ರಾಂಗೆ ಪರಿವರ್ತಿಸಿ ಎಂದು ಮಕ್ಕಳಿಗೆ ಹೇಳಿ, ಸಂತೋಷದಲ್ಲಿ ತಾವೇ ಲೆಕ್ಕ ತಪ್ಪಿದ್ದರು. ಅದು 'ಕುಟುಂಬವತ್ಸಲರು' ಎಂದಾಗಿತ್ತು.

ಆಕೆ ದಿಂಬಿಗೆ ಒರಗಿ ಎದ್ದು ಕುಳಿತಳು.

"ಕೆಲವು ಸಂಜೆ ಕಾಲೂ ತೊಳೆಯದೆ ಅಡುಗೆಮನೆಗೆ ನುಗ್ಗುತ್ತಿದ್ದರು. ಹೊಟ್ಟೆಬಾಕರು ಎಂದು ನಾನು ಹಂಗಿಸುತ್ತಿದ್ದೆ" ಎಂದಳು. ಆಮೇಲೆ, "ಇನ್ನೂ ಹೇಳಪ್ಪ" ಎಂದಳು.

ಅವನಿಗೆ ಬೇರೆ ಯಾವುದೂ ನೆನಪಾಗಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಎದ್ದ. ಬರೆದವರ ಮನೆಮನೆಗೆ ಹೋದ. ಎಲ್ಲರೂ ಕಣ್ಣು ಮುಚ್ಚಿ ಯೋಚಿಸಿ ಪುಸ್ತಕದಲ್ಲಿದ್ದುದನ್ನೇ ಹೇಳಿದರು. ರೊಟ್ಟಿಯ ಸಂಗತಿ ಬರೆದವನೂ 'ಮನಮುಟ್ಟುವ ಬೋಧನೆ' ಎಂದೇ ಹೇಳಿದ. ತಾನು ಬರೆದದ್ದು ಅದನ್ನೇ ಎಂದು ಆಣೆ ಇಟ್ಟ.

ಆಕೆ ಹದಿನೈದು ದಿನ ಬಾಗಿಲ ಕಡೆ ನೋಡುತ್ತ ಮಲಗಿದ್ದಳು. ಸಂಪಾದಕ ಆ ಬೀದಿಗೆ ಕಾಲಿಡಲಿಲ್ಲ. ಹದಿನಾರನೆಯ ದಿನ ಆಕೆ ತೀರಿಕೊಂಡಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ, "ಎರಡಾದರೂ ಆಕೆಗೆ ಸಿಕ್ಕವಲ್ಲ, ಗುರುಗಳೇ" ಎಂದ.

ಗುರು ಹೇಳಿದರು: "ಹೋದವು ಮೂವತ್ತೊಂಬತ್ತು."