ಕಬ್ಬಿಣ ಕಳಚಿದ ಸಭೆ

"ಶಂಖಪುರದ ಸಮಸ್ತ ಪ್ರಜೆಗಳಿಗೆ ಜಗದೇವರಸರ ಅಪ್ಪಣೆ! ವಿದ್ಯಾಪೀಠದ ಶಾಂತಣ ಉಪಾಧ್ಯಾಯರು ಕೊಟ್ಟ ದಿಕ್ಸೂಚಿಯನ್ನು ನಂಬಿ ಅರಸರ ತಮ್ಮ ಸೋಯಿದೇವರ ಹಡಗು ಬಂಡೆಗೆ ಬಡಿದಿದೆ, ಅವರು ತೀರಿಕೊಂಡಿದ್ದಾರೆ. ಅರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ಉಪಾಧ್ಯಾಯರ ಬಿಡುಗಡೆಯೂ ಆಗುತ್ತದೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ಉಪಾಧ್ಯಾಯರ ಜೊತೆಗೇ ಶೂಲ!"

ಡಂಗುರ ಸಾರಿದ ಮೇಲೆ ಉಪಾಧ್ಯಾಯರ ಬಳಿ ಭೂಕಾಂತ ಶಾಸ್ತ್ರ ಓದುತ್ತಿದ್ದ ಜಾಣರೆಲ್ಲ ಒಬ್ಬೊಬ್ಬರಾಗಿ ಊರು ಬಿಟ್ಟರು. ಗುರುವಿನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ತಮ್ಮ ತಮ್ಮ ತಲೆಯ ಮೇಲೆ ಇನ್ನೂ ಹೆಚ್ಚು ಇತ್ತು. ಉಳಿದವನು ಮಾಸಣ. ಕಳೆದ ಪರೀಕ್ಷೆಯಲ್ಲಿ ನಪಾಸಾಗಿ ಅದೇ ತರಗತಿಯಲ್ಲಿ ಕೂತಿದ್ದವನು. ಬೈಯದೆ ಮತ್ತೆ ಮೊದಲಿಂದ ಹೇಳಿಕೊಟ್ಟವರು ಶಾಂತಣ ಉಪಾಧ್ಯಾಯರೊಬ್ಬರೇ. ಅವರಿಲ್ಲದ ಪಾಠಶಾಲೆ ಅವನಿಗೆ ಬೇಡವಾಗಿತ್ತು.

ಸಭೆಗೆ ಬಂದವರ ಕೈಕಾಲಿಗೆ ಮೊದಲು ಸಂಕೋಲೆ ಬೀಳುತ್ತಿತ್ತು. ಸುತ್ತ ಕತ್ತಿ ಹಿರಿದ ಕಾವಲಿನವರು, ನಡುವೆ ಮಣೆಯ ಮೇಲೆ, ಒಡೆದ ಹಡಗಿನ ಪೆಟ್ಟಿಗೆಯಿಂದ ತೆಗೆದು ತಂದ ಉಪಾಧ್ಯಾಯರ ದಿಕ್ಸೂಚಿ. ಮೊದಲೆರಡು ಒಗಟು ಉಪಾಧ್ಯಾಯರದೇ, ಅವರು ಪರೀಕ್ಷೆಯಲ್ಲಿ ಕೇಳುತ್ತಿದ್ದವು. ಮೂರನೆಯದು ಅರಸನದು.

ದಂಡನಾಯಕನ ಮಗ ಮೀಸೆ ತಿರುವುತ್ತ ಬಂದು ಮೊದಲನೆಯದಕ್ಕೇ ಗಾಳಿಯೆಂದು ಹೇಳಿ ಸೆರೆಮನೆ ಸೇರಿದ. ಆಸ್ಥಾನ ಪಂಡಿತ ಅದನ್ನು ದಾಟಿದ, ಎರಡನೆಯದಕ್ಕೆ ಚಿನ್ನವೆಂದು ಮುಗ್ಗರಿಸಿದ. ಅವನನ್ನು ಎಳೆದೊಯ್ಯುವ ಸದ್ದು ಬಾಗಿಲಲ್ಲಿ ನಿಂತಿದ್ದ ಮಾಸಣನಿಗೆ ಕೇಳಿಸಿತು. ಆದರೂ ಅವನು ಸಂಕೋಲೆ ಹಾಕಿಸಿಕೊಂಡು ಒಳಗೆ ಹೋದ.

"ಗೋಡೆ ಅದನ್ನು ತಡೆಯದು, ನನ್ನ ಮೈಯೂ ತಡೆಯದು. ಎಲ್ಲರನ್ನೂ ಮುಟ್ಟುತ್ತದೆ, ಆದರೆ ತನ್ನವನನ್ನು ಮಾತ್ರ ಹಿಡಿದು ತಿರುಗಿಸುತ್ತದೆ. ಏನದು?" ಎಂದ ಅರಸ.

ಅದು ಭೂಮಿಯ ಕಾಂತಶಕ್ತಿ, ತನ್ನವನೆಂದರೆ ಕಾಂತದ ಸೂಜಿ ಎಂದು ಮಾಸಣ ತಡವರಿಸುತ್ತ ಹೇಳಿದ. ಅರಸ ತಲೆಯಾಡಿಸಿದ.

"ಬೆಂಕಿಯಲ್ಲಿ ಎಲ್ಲ ಮರೆಯುತ್ತದೆ, ಆರುವಾಗ ಒಂದೇ ಪಾಠ ಕಲಿಯುತ್ತದೆ. ಕಲಿತದ್ದನ್ನು ನೂರು ತಲೆಮಾರು ಬಿಡುವುದಿಲ್ಲ. ಯಾರದು?"

ಈ ಪ್ರಶ್ನೆಗೇ ಮಾಸಣ ಹಿಂದೆ ನಪಾಸಾಗಿದ್ದದ್ದು. ಉಪಾಧ್ಯಾಯರು ಅವನನ್ನು ಮಣ್ಣು ಸುಡುವ ಆವಿಗೆಯವರೆಗೂ ಕರೆದುಕೊಂಡು ಹೋಗಿ ತೋರಿಸಿದ್ದರು. "ಸುಟ್ಟ ಇಟ್ಟಿಗೆ, ಪ್ರಭು. ಮಣ್ಣಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಇಟ್ಟಿಗೆ ಆರುವಾಗ ಭೂಮಿಯ ಕಾಂತ ಯಾವ ಕಡೆಗಿತ್ತೋ ಅದೇ ಗುರುತು ಅವುಗಳಲ್ಲಿ ನಿಂತುಬಿಡುತ್ತದೆ" ಎಂದ.

ಅದೂ ಸರಿಯಿತ್ತು. ಅರಸ ಸಿಂಹಾಸನದಿಂದ ಇಳಿದು ಬಂದು ಮಣೆಯ ಮುಂದೆ ನಿಂತ. "ಎದುರಿಗಿರುವ ಬಾಗಿಲನ್ನು ನಮ್ಮ ಅಜ್ಜ ಧ್ರುವನಕ್ಷತ್ರಕ್ಕೆ ನೇರವಾಗಿ ಕಟ್ಟಿಸಿದ್ದು. ಈ ಸೂಜಿ ಆ ಕಡೆ ನೋಡುತ್ತಿಲ್ಲ. ವಿದ್ಯಾಪೀಠದಲ್ಲಿ ನಿಜ ಹೇಳುವ ಸೂಜಿ ನನ್ನ ಮನೆಯಲ್ಲಿ ಯಾಕೆ ಸುಳ್ಳು ಹೇಳುತ್ತದೆ? ನನ್ನ ತಮ್ಮನಿಗೆ ಯಾಕೆ ಸುಳ್ಳು ಹೇಳಿತು?"

ಮಾಸಣ ಸೂಜಿಯನ್ನೇ ನೋಡಿದ. ವಿದ್ಯಾಪೀಠದಲ್ಲಿ ದಿಕ್ಸೂಚಿಗಳನ್ನಿಟ್ಟ ಸೂಜಿಮನೆಯ ಹೊಸ್ತಿಲಲ್ಲಿ ಒಂದು ಬಿದಿರಿನ ಬುಟ್ಟಿ ಇರುತ್ತಿತ್ತು. ಬೀಗದ ಕೈ, ಚಾಕು, ಮೊಳೆ ಹೊಡೆದ ಚಪ್ಪಲಿ, ಎಲ್ಲವನ್ನೂ ಅದರಲ್ಲಿ ಹಾಕಿಯೇ ಒಳಗೆ ಕಾಲಿಡಬೇಕು. ಆ ಬುಟ್ಟಿ ನೆನಪಾದದ್ದೇ ತಡ, ಬಾಯಿಂದ ಮಾತು ಹೊರಟಿತು.

"ನನ್ನ ಸಂಕೋಲೆ ಬಿಚ್ಚಿಸಬೇಕು. ಕಾವಲಿನವರು ಕತ್ತಿಗಳನ್ನು ತೆಗೆದುಕೊಂಡು ಹೊರಗೆ ಹೋಗಬೇಕು."

ಓಡಿಹೋಗುವ ಹುನ್ನಾರವೆಂದು ಮಂತ್ರಿ ಗದರಿದ. ಅರಸ ಹಾಗೇ ಆಗಲೆಂದು ಕೈಯೆತ್ತಿದ. ಕತ್ತಿಗಳು ಹೊರಗೆ ಹೋದವು. ಬಿಚ್ಚಿದ ಸಂಕೋಲೆಯೂ ಹೋಯಿತು. ಸೂಜಿ ಅಲುಗಿತು, ಹೊರಳಿತು, ಬಾಗಿಲಿನ ಕಡೆ ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಮಾಸಣ ಸುತ್ತ ನೋಡಿದ. ಸಭೆಯಲ್ಲಿ ಕಬ್ಬಿಣ ಉಳಿದದ್ದು ಒಬ್ಬರ ಸೊಂಟದಲ್ಲಿ ಮಾತ್ರ.

"ತಮ್ಮದೂ, ಪ್ರಭು" ಎಂದ.

ಪಟ್ಟವೇರಿದಂದಿನಿಂದ ಅರಸ ಸಭೆಯಲ್ಲಿ ಕತ್ತಿ ಬಿಚ್ಚಿದವನಲ್ಲ. ಈಗ ಬಿಚ್ಚಿ ಮಂತ್ರಿಯ ಕೈಗಿತ್ತು ಹೊರಗೆ ಕಳಿಸಿದ. ಸೂಜಿ ಮೆಲ್ಲಗೆ ತಿರುಗಿ ಬಾಗಿಲಿಗೆ ಮುಖ ಮಾಡಿತು. ಇನ್ನೂ ಕೂದಲೆಳೆಯಷ್ಟು ವಾಲಿರುವುದು ಭೂಮಿಯ ಕಾಂತದ ಸ್ವಭಾವ, ಅದನ್ನು ಗುರುಗಳು ಕಲಿಸಿದ್ದಾರೆ ಎಂದು ಮಾಸಣ ಬಿಡಿಸಿ ಹೇಳಿದ. ಸೂಜಿ ಸುಳ್ಳು ಹೇಳುವುದಿಲ್ಲ, ಹತ್ತಿರದ ಕಬ್ಬಿಣ ಎಳೆದತ್ತ ಹೋಗುತ್ತದೆ ಎಂದ. ಆಮೇಲೆ ಮೆಲ್ಲಗೆ ಕೇಳಿದ: "ಹಡಗಿನಲ್ಲಿ ಇದರ ಹತ್ತಿರ ಏನಿತ್ತು, ಪ್ರಭು?"

ಅರಸ ಮಣೆಯ ಪಕ್ಕದಲ್ಲಿ ನೆಲದ ಮೇಲೇ ಕುಳಿತ.

"ಬಾಣ ಬಿದ್ದರೆ ಸೂಜಿ ಒಡೆದೀತು, ತಮ್ಮ ದಾರಿ ತಪ್ಪಿಯಾನು ಎಂದು ಹಡಗಿನ ಸೂಜಿಪೆಟ್ಟಿಗೆಯ ಒಂದು ಮಗ್ಗುಲಿಗೆ ಕಬ್ಬಿಣದ ತಗಡು ಹೊಡೆಸಿದೆ. ನಾನೇ ನಿಂತು ಹೊಡೆಸಿದೆ."

ಒಗಟನ್ನು ಒಡ್ಡಿದವನೇ ಅದರ ಉತ್ತರವಾಗಿದ್ದ. ಮಾಸಣನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ, ಅಳು ಬಂತು.

ಶಾಂತಣ ಉಪಾಧ್ಯಾಯರನ್ನು ಬಿಡಿಸಿ ಕರೆತಂದರು. ಅರಸ ಅವರ ಕಾಲು ಮುಟ್ಟಿದ. ಏನು ಬೇಕೆಂದು ಕೇಳಿದಾಗ ಮಾಸಣ ಸೆರೆಯಲ್ಲಿದ್ದ ಆ ಇಬ್ಬರ ಜೀವ ಕೇಳಿದ, ಸಿಕ್ಕಿತು. ಅರಸ ತಾನಾಗಿಯೇ ಅವನಿಗೆ ನಾಡಿನ ಹಡಗುಗಳ ಸೂಜಿಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರ ಕೊಟ್ಟ. ಪರೀಕ್ಷೆ ಮಾತ್ರ ಇನ್ನೊಮ್ಮೆ ಬರೆಯಲೇಬೇಕೆಂದರು ಉಪಾಧ್ಯಾಯರು.

ಮುಂದೆ ಶಂಖಪುರದ ಪ್ರತಿ ಹಡಗಿನಲ್ಲೂ ಸೂಜಿಯ ಕೋಣೆಯ ಹೊರಗೆ ಒಂದು ಬಿದಿರಿನ ಬುಟ್ಟಿ ಇರುತ್ತಿತ್ತು. ಹಡಗು ಹೊರಡುವ ಮುನ್ನ ಜಗದೇವರಸ ಬಂದು, ಕತ್ತಿಯನ್ನು ಅದರಲ್ಲಿಟ್ಟು ಒಳಗೆ ಹೋಗಿ, ಸೂಜಿಪೆಟ್ಟಿಗೆಯ ನಾಲ್ಕೂ ಮಗ್ಗುಲನ್ನು ತನ್ನ ಕೈಯಿಂದಲೇ ತಡವಿ ನೋಡುತ್ತಿದ್ದ. ಬರಿಯ ಮರವೇ ಕೈಗೆ ಹತ್ತಿದ ಮೇಲೆ, ಇನ್ನು ಹೋಗಿ ಬನ್ನಿ ಎನ್ನುತ್ತಿದ್ದ.