ಹೆಬ್ಬೆಟ್ಟಿನ ಇಟ್ಟಿಗೆ

ಶಿಷ್ಯ ತನ್ನ ಗುರುವನ್ನು ಕೇಳಿದ: "ಅವ್ವಾ, ಬೇಕಾದದ್ದನ್ನೆಲ್ಲ ಒಬ್ಬನೇ ದಾನಿ ಕೊಡುತ್ತಿರುವಾಗ, ಇಲ್ಲದವರ ಕೈಯಿಂದ ತೆಗೆದುಕೊಳ್ಳುವುದು ತಪ್ಪಲ್ಲವೇ?"

ಅವನು ಒಂದು ಶಾಲೆ ನಡೆಸುತ್ತಿದ್ದ. ಅಲ್ಲಿ ಹೊಸದಾಗಿ ಓದುವ ಕೋಣೆ ಎದ್ದಿತ್ತು. ಒಬ್ಬ ವ್ಯಾಪಾರಿ ಗೋಡೆಯಿಂದ ಹಿಡಿದು ಬೆಂಚಿನವರೆಗೆ ಎಲ್ಲವನ್ನೂ ಕೊಟ್ಟಿದ್ದ. ಆ ಹೊತ್ತಿನಲ್ಲಿ ಚಾಪೆ ಹೆಣೆಯುವ ಒಬ್ಬ ಹೆಂಗಸು ಒಂದು ಚಾಪೆ ತಂದಳು. ತನ್ನ ಮಗಳೂ ಇಲ್ಲೇ ಓದುತ್ತಾಳೆ, ಮಕ್ಕಳಿಗೆ ಕೂರಲಿಕ್ಕಾಗುತ್ತದೆ ಎಂದಳು. ಬೆಂಚು ಬಂದಿವೆಯಮ್ಮ, ಇದನ್ನು ಮಾರಿ ಮನೆಗೆ ಏನಾದರೂ ತೆಗೆದುಕೋ ಎಂದು ಶಿಷ್ಯ ಅವಳನ್ನು ಚಾಪೆಯ ಸಮೇತ ಕಳಿಸಿಬಿಟ್ಟ. ಒಳ್ಳೆಯದನ್ನೇ ಮಾಡಿದೆ ಎಂದು ಅವನಿಗೆ ಅನ್ನಿಸಿತ್ತು. ನಡೆದದ್ದನ್ನೆಲ್ಲ ಹೇಳಿ, ಗುರುವಿನ ಬಾಯಿಂದಲೂ ಅದನ್ನು ಕೇಳಲು ಬಂದಿದ್ದ.

ಗುರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೂತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಕಡಲಾಚೆಯ ಒಂದು ನಾಡಿನಲ್ಲಿ ಕಪ್ಪು ಜನರ ಕಾಲೇಜೊಂದು ಇತ್ತು. ಆ ಜನರ ಹಿರಿಯರನ್ನು ಒಂದು ಕಾಲದಲ್ಲಿ ದನಗಳ ಹಾಗೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಅವರು ಅಕ್ಷರ ಕಲಿತರೆ ಬೆನ್ನಿಗೆ ಏಟು ಬೀಳುತ್ತಿತ್ತು. ಬಿಡುಗಡೆಯಾದ ಮೇಲೆ ಅವರು ಮೊದಲು ಕೇಳಿದ್ದು ಶಾಲೆ. ಯಾರೂ ಕಟ್ಟಿಕೊಡಲಿಲ್ಲ. ತಾವೇ ಮಣ್ಣು ಅಗೆದರು, ತುಳಿದರು, ಅಚ್ಚಿಗೆ ಹಾಕಿದರು, ಗೂಡು ಕಟ್ಟಿ ಇಟ್ಟಿಗೆ ಸುಟ್ಟರು. ಮೊದಲ ಎರಡು ಗೂಡು ಕುಸಿದವು. ಮೂರನೆಯದು ನಿಂತಿತು. ಅವರಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಹಸಿ ಇಟ್ಟಿಗೆಯ ಮೇಲೆ ಹೆಬ್ಬೆಟ್ಟು ಒತ್ತಿದರು.

ಅದೇ ಪದ್ಧತಿಯಾಯಿತು. ಕಾಲೇಜಿನಲ್ಲಿ ಯಾವ ಕಟ್ಟಡ ಎದ್ದರೂ ಮನೆಗೊಂದು ಇಟ್ಟಿಗೆ. ಮೊಮ್ಮಕ್ಕಳು ಓದು ಕಲಿತರು, ಅಂದವಾಗಿ ಸಹಿ ಹಾಕಲು ಕಲಿತರು. ಆದರೂ ಇಟ್ಟಿಗೆಗೆ ಹೆಬ್ಬೆಟ್ಟೇ. ಹೊಸದಾಗಿ ಸೇರಿದ ಹುಡುಗಿಯರು ಮನೆಯವರು ಹೇಳಿದ ಗೋಡೆಯುದ್ದಕ್ಕೂ ಹುಡುಕಿ ತಮ್ಮ ಅಜ್ಜನ ಗುರುತು ಕಂಡುಹಿಡಿಯುತ್ತಿದ್ದರು. ಆ ಕುಳಿಯಲ್ಲಿ ತಮ್ಮ ಬೆರಳಿಟ್ಟು ನೋಡುತ್ತಿದ್ದರು. ಅಜ್ಜನ ಬೆರಳು ದೊಡ್ಡದಿತ್ತು ಎಂದು ನಗುತ್ತಿದ್ದರು.

ಆ ಜನರಲ್ಲಿ ಒಂದು ಕಾಯಿಲೆ ಇತ್ತು. ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿಬಿಡುತ್ತವೆ. ನರನರದಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಬರುವ ನೋವಿಗೆ ಮಕ್ಕಳು ಹಲ್ಲು ಕಚ್ಚಿ ಬೆವರುತ್ತಾರೆ. ಅದೇ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗಿ ಆ ಕಾಯಿಲೆಯಿಂದ ತಮ್ಮನನ್ನು ಕಳೆದುಕೊಂಡಿದ್ದಳು. ಅವಳು ವೈದ್ಯೆಯಾದಳು. ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಹೆಸರು ಮಾಡಿದಳು. ಒಂದು ದಿನ ಎಲ್ಲವನ್ನೂ ಬಿಟ್ಟು ತನ್ನ ಕಾಲೇಜಿಗೆ ಬಂದಳು. ಈ ಕಾಯಿಲೆಯ ಬುಡ ಹುಡುಕುವ ಸಂಶೋಧನಾಲಯವನ್ನು ಇಲ್ಲೇ ಕಟ್ಟುತ್ತೇನೆ ಎಂದಳು.

ಒಬ್ಬ ದಾನಿ ಸಿಕ್ಕಿದ. ಕಟ್ಟಡ ಕೊಟ್ಟ, ಯಂತ್ರ ಕೊಟ್ಟ. ಒಂದು ಷರತ್ತು ಮಾತ್ರ ಹಾಕಿದ. ಕಟ್ಟಡ ಮುಗಿದ ವರ್ಷದೊಳಗೆ ಕೆಲಸ ಶುರುವಾಗದಿದ್ದರೆ ಯಂತ್ರಗಳನ್ನು ಬೇರೆ ಕಡೆಗೆ ಒಯ್ಯುತ್ತೇನೆ ಎಂದ.

ಕಟ್ಟಡಕ್ಕೆ ಅಡಿಪಾಯ ಬಿದ್ದ ವಾರ ಗೂಡು ನೋಡಿಕೊಳ್ಳುವ ಮುದುಕಿ ಬಂದಳು. ನಲವತ್ತು ವರ್ಷ ಅವಳೇ ಇಟ್ಟಿಗೆ ಸುಟ್ಟವಳು.

"ಎಷ್ಟು ಇಟ್ಟಿಗೆ ಬೇಕು, ಮಗಳೇ?"

"ಬೇಡ ಅಜ್ಜಿ. ಇಟ್ಟಿಗೆಯಿಂದ ಧೂಳು ಉದುರುತ್ತದೆ. ಇದು ಕಬ್ಬಿಣ, ಗಾಜು. ಎಲ್ಲ ಬಂದಿದೆ, ನಿಮಗ್ಯಾಕೆ ತೊಂದರೆ?"

"ಒಂದೂ ಬೇಡವೇ?"

"ಒಂದೂ ಬೇಡ."

ವೈದ್ಯೆ ಅದನ್ನು ಪ್ರೀತಿಯಿಂದಲೇ ಹೇಳಿದಳು. ಮುದುಕಿ ಹೋಗಿ ಗೂಡಿನ ಬಾಯಿಗೆ ತಗಡು ಮುಚ್ಚಿದಳು.

ಕಟ್ಟಡ ಮುಗಿಯಿತು. ಊರೆಲ್ಲ ನೋಡಲು ಬಂತು. ಹೊಗಳಿದರು, ಸಿಹಿ ತಿಂದರು, ಹೋದರು. ಮರುದಿನ ವೈದ್ಯೆ ಬಾಗಿಲು ತೆರೆದು ಕಾದಳು. ಕಾಯಿಲೆಯ ಬುಡ ಹುಡುಕಬೇಕಾದರೆ ಆ ಜನರ ರಕ್ತ ಬೇಕು. ಒಬ್ಬಿಬ್ಬರದ್ದು ಸಾಲದು, ಸಾವಿರ ಜನರದ್ದು ಬೇಕು. ಯಾರೂ ಬರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಶೀಶೆಗಳು ಖಾಲಿಯೇ ಇದ್ದವು.

ಸೂಜಿಗೆ ಹೆದರುತ್ತಾರೆ ಎಂದುಕೊಂಡು ಅವಳು ಮನೆಮನೆಗೆ ಹೋದಳು. ಎಲ್ಲರೂ ಒಳಗೆ ಕರೆದರು. ಮೆಕ್ಕೆಜೋಳದ ರೊಟ್ಟಿ ಕೊಟ್ಟರು, ಕಾಫಿ ಕೊಟ್ಟರು, ಮದುವೆಯ ವಿಚಾರ ಕೇಳಿದರು. ರಕ್ತದ ಮಾತು ಬಂದರೆ ಮಾತ್ರ ನೋಡೋಣ ಎನ್ನುತ್ತಿದ್ದರು. ಅವಳು ಆರು ಸೇರು ದಪ್ಪಗಾದಳು, ಒಂದು ಹನಿ ರಕ್ತ ಸಿಗಲಿಲ್ಲ.

ಒಂಬತ್ತು ತಿಂಗಳಾಯಿತು. ಮೂರು ತಿಂಗಳಲ್ಲಿ ಯಂತ್ರ ಒಯ್ಯಲು ಜನ ಬರುತ್ತಾರೆ ಎಂದು ದಾನಿಯ ಕಾಗದ ಬಂತು. ವೈದ್ಯೆ ಅದನ್ನು ಹಿಡಿದುಕೊಂಡೇ ಮುದುಕಿಯ ಮನೆಗೆ ಹೋದಳು.

"ಅಜ್ಜಿ, ನಮ್ಮವರು ನಮ್ಮ ಕಟ್ಟಡಕ್ಕೆ ಯಾಕೆ ಬರುತ್ತಿಲ್ಲ?"

"ಅದು ನಮ್ಮದೋ? ಮೂರು ಸುತ್ತು ಹಾಕಿ ಹುಡುಕಿದೆ. ನನ್ನ ಹೆಬ್ಬೆಟ್ಟು ಎಲ್ಲೂ ಸಿಗಲಿಲ್ಲ."

"ನಾನು ಇದ್ದೇನಲ್ಲ. ನನ್ನ ಮೇಲೂ ನಂಬಿಕೆ ಇಲ್ಲವೇ?"

"ಇದೆ. ಅದಕ್ಕೇ ಊಟ ಹಾಕಿದ್ದು. ಹಿಂದೆಯೂ ಬಿಳಿ ಕೋಟು ಹಾಕಿಕೊಂಡವರು ಬಂದಿದ್ದರು. ಅವರಿಗೂ ನಮ್ಮಿಂದ ರಕ್ತ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ರಕ್ತ ತೆಗೆದರು, ಹೋದರು. ಅದರಲ್ಲಿ ಏನು ಕಂಡಿತು ಅಂತ ಹೇಳಲು ಒಬ್ಬನೂ ತಿರುಗಿ ಬರಲಿಲ್ಲ. ಈಗ ನೀನು. ಕೈಯಲ್ಲಿದ್ದ ಇಟ್ಟಿಗೆ ಬೇಡ ಅಂದೆ, ಕೈಯೊಳಗಿನ ರಕ್ತ ಕೇಳುತ್ತಿದ್ದೀಯ."

ವೈದ್ಯೆ ಜಂಬದವಳು. ತನ್ನ ತಪ್ಪನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳಿಗೆ ಇರಲಿಲ್ಲ. ಚಪ್ಪಲಿ ಬಿಟ್ಟಳು, ತೋಳು ಮಡಿಸಿದಳು. ಮಣ್ಣು ಎಲ್ಲಿದೆ ಅಜ್ಜಿ ಎಂದು ಕೇಳಿದಳು.

ಅವಳು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮಣ್ಣು ತುಳಿದಳು. ಅಚ್ಚಿನಿಂದ ತೆಗೆದ ಮೊದಲ ಇಟ್ಟಿಗೆ ಒಂದು ಕಡೆಗೆ ವಾಲಿತು.

"ಇಷ್ಟೆಲ್ಲ ಓದಿಸಿದರಲ್ಲ, ಇಟ್ಟಿಗೆಗೆ ನಾಲ್ಕು ಮೂಲೆ ಇರುತ್ತದೆ ಅಂತ ಯಾರೂ ಹೇಳಲಿಲ್ಲವೇ?" ಎಂದಳು ಮುದುಕಿ. ನಕ್ಕಳು. ಅದೇ ವಾಲಿದ ಇಟ್ಟಿಗೆಯ ಮೇಲೆ ವೈದ್ಯೆಯ ಹೆಬ್ಬೆಟ್ಟು ಒತ್ತಿಸಿದಳು.

ಆದರೆ ಇಟ್ಟಿಗೆಯನ್ನು ಒಳಗೆ ಇಡುವಂತಿಲ್ಲ. ಧೂಳಿನ ಮಾತು ಸುಳ್ಳಲ್ಲ. ವೈದ್ಯೆ ಯೋಚಿಸಿ ಹೇಳಿದಳು, ಬಾಗಿಲ ಮುಂದೆ ಜಗಲಿ ಕಟ್ಟೋಣ. ರಕ್ತ ಕೊಡುವವರು ಜಗಲಿಯ ಮೇಲೆ ಕೂತು ಕೊಡಲಿ. ಮುದುಕಿ ಒಪ್ಪಿದಳು. ಅವಳೂ ಒಂದು ಷರತ್ತು ಹಾಕಿದಳು. ಒಳಗೆ ಏನು ಕಂಡರೂ, ಹೊರಗಿನ ಯಾರಿಗಾದರೂ ಹೇಳುವ ಮೊದಲು, ನೀನು ಬಂದು ಇದೇ ಜಗಲಿಯ ಮೇಲೆ ಕೂತು ನಮಗೆ ಹೇಳಬೇಕು. ನಮಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ವೈದ್ಯೆ ಒಪ್ಪಿದಳು.

ಗೂಡಿಗೆ ಮತ್ತೆ ಬೆಂಕಿ ಬಿತ್ತು. ಹೊಗೆ ಕಂಡವರೇ ಬಂದರು, ಯಾರೂ ಕರೆಯಬೇಕಾಗಲಿಲ್ಲ. ಕ್ಷೌರಿಕ ಬಂದ, ಬಸ್ಸು ಓಡಿಸುವವನು ಬಂದ, ಮೂರು ಊರಾಚೆಯಿಂದ ಸೂಲಗಿತ್ತಿ ಬಂದಳು. ಬಸುರಿಯೊಬ್ಬಳು ಎರಡು ಇಟ್ಟಿಗೆ ಮಾಡಿದಳು, ಒಂದನ್ನು ಹುಟ್ಟುವ ಮಗುವಿನ ಲೆಕ್ಕಕ್ಕೆ ಹಾಕಿದಳು. ಮಗುವಿನ ಹೆಬ್ಬೆಟ್ಟು ಎಲ್ಲಿ ಎಂದು ಕೇಳಿದವರಿಗೆ, ಜಾಗ ಖಾಲಿ ಬಿಟ್ಟಿದ್ದೇನೆ ಎಂದಳು. ಕಾಲೇಜಿನ ಹುಡುಗಿಯರು ಹಾಡು ಹೇಳುತ್ತ ಇಟ್ಟಿಗೆ ಹೊತ್ತರು. ಬಾಗಿಲಿನಷ್ಟು ಅಗಲಕ್ಕೆ ಎಂದು ಶುರುವಾದ ಜಗಲಿ ಮೂಲೆ ತಿರುಗಿತು. ಮತ್ತೊಂದು ಮೂಲೆಯನ್ನೂ ತಿರುಗಿ ಕಟ್ಟಡವನ್ನೇ ಸುತ್ತಿಬಂತು.

ಕಟ್ಟಿ ಮುಗಿದ ದಿನ ಮುದುಕಿ ಮೊದಲು ಕೂತಳು. ತೋಳು ಚಾಚಿದಳು. ನೋವಾದರೆ ಬೈಯುತ್ತೇನೆ ಎಂದಳು. ನೋವಾಯಿತು, ಬೈದಳು. ಅವಳು ಬೈದ ರೀತಿಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುತ್ತಲೇ ಸಾಲು ನಿಂತರು.

ಯಂತ್ರ ಒಯ್ಯಲು ದಾನಿಯ ಮನುಷ್ಯ ಬಂದಾಗ ಸಾಲು ಬೀದಿಯವರೆಗೆ ಬೆಳೆದಿತ್ತು. ಅವನು ದಾರಿ ಬಿಡಿ ಎಂದ. ಕ್ಷೌರಿಕ ಅವನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಇಟ್ಟಿಗೆ ಎಲ್ಲಿ ಸ್ವಾಮಿ ಎಂದು ಕೇಳಿದ. ಆ ಮನುಷ್ಯ ಬಂದ ಕೆಲಸ ಬಿಟ್ಟು ಜಗಲಿಯ ತುದಿಯಲ್ಲಿ ಕೂತು ದಾನಿಗೆ ಕಾಗದ ಬರೆದ. ಕೆಲಸ ಶುರುವಾಗಿದೆ, ಯಂತ್ರ ಇನ್ನೆರಡು ಬೇಕು ಎಂದು ಬರೆದ.

ಗುರು ಕತೆ ನಿಲ್ಲಿಸಿದರು.

"ಆ ಕಾಯಿಲೆ ವಾಸಿಯಾಯಿತೇ, ಅವ್ವಾ?" ಎಂದು ಶಿಷ್ಯ ಕೇಳಿದ.

"ಹುಡುಕುತ್ತಿದ್ದಾರೆ. ಮೊದಲಿನಷ್ಟು ಮಕ್ಕಳು ಈಗ ಸಾಯುತ್ತಿಲ್ಲ. ತಿಂಗಳಿಗೊಮ್ಮೆ ವೈದ್ಯೆ ಹೊರಗೆ ಬಂದು ಕೂತು ಹೇಳುತ್ತಾಳೆ. ತಿಳಿಯದಿದ್ದರೆ ಮುದುಕಿ ಮತ್ತೆ ಹೇಳಿಸುತ್ತಾಳೆ."

ಶಿಷ್ಯ ಸಂತೋಷದಿಂದ ತಲೆಯಾಡಿಸಿದ. "ಒಳ್ಳೆಯ ಕತೆ. ಆದರೆ ನನಗೆ ಯಾರ ರಕ್ತವೂ ಬೇಕಾಗಿಲ್ಲವಲ್ಲ. ನನ್ನ ಕೋಣೆಗೆ ಬೆಂಚು ಬಂದಿವೆ, ಪುಸ್ತಕ ಬಂದಿವೆ, ಇನ್ನು ಮಕ್ಕಳು ಕೂತು ಓದಿದರೆ ಆಯಿತು."

ಗುರು ಕೇಳಿದರು: "ಆ ಚಾಪೆಯವಳ ಮಗಳು ಶಾಲೆಗೆ ಬರದೆ ಎಷ್ಟು ದಿನವಾಯಿತು?"