ಅಳೆದ ಗಾಳಿ ಯಾರದು?

ಹವಾಮಾನ ಕಚೇರಿಯ ಬಲೂನಿಗೆ ಮೋಡಗಳ ನಡುವೆ ಪ್ರಯಾಣಿಕರ ವಿಮಾನವೊಂದು ಎದುರಾಯಿತು.

"ಅಣ್ಣಾ, ದಾರಿಯ ಗಾಳಿ, ಚಳಿ ಎಲ್ಲವನ್ನೂ ಅಳೆಯುತ್ತಾ ಹೋಗುತ್ತೀಯ. ಕೆಳಗಿನ ಕಚೇರಿಗೆ ಯಾಕೆ ತಿಳಿಸುವುದಿಲ್ಲ?" ಎಂದು ಬಲೂನು ಕೇಳಿತು.

"ನಾನು ಅಳೆದದ್ದು ನನ್ನದು. ಊರಿಗೆಲ್ಲ ಯಾಕೆ ಹಂಚಲಿ?" ಎಂದಿತು ವಿಮಾನ.

ಬಲೂನು ಕೆರಳಿತು. "ನಾಚಿಕೆಯಾಗುವುದಿಲ್ಲವೇ ನಿನಗೆ? ನಾನು ಒಂದೇ ಸಲ ಮೇಲೆ ಬಂದು ಒಡೆದು ಸಾಯುವವನು. ಸಾಯುವ ತನಕ ಕಂಡದ್ದನ್ನೆಲ್ಲ ಕೆಳಕ್ಕೆ ಹೇಳುತ್ತಲೇ ಇರುತ್ತೇನೆ. ನೀನು ದಿನಾ ಆಕಾಶವೆಲ್ಲ ಸುತ್ತಿಯೂ ಬಾಯಿಗೆ ಬೀಗ ಹಾಕಿಕೊಂಡಿದ್ದೀಯಲ್ಲ!"

ವಿಮಾನ ಕಿವಿಗೊಡದೆ ಮುಂದೆ ಸಾಗಿತು. ಅಷ್ಟರಲ್ಲೇ ಗಾಳಿ ಅದನ್ನು ಎತ್ತಿ ಕುಕ್ಕಿತು. ಒಳಗೆ ಕೂತವರೆಲ್ಲ ಚೀರಿದರು.

"ಇಲ್ಲಿ ಇಂಥ ಗಾಳಿಯಿದೆಯೆಂದು ನನಗೆ ಯಾರೂ ಯಾಕೆ ಹೇಳಲಿಲ್ಲ?" ಎಂದು ವಿಮಾನ ಕೂಗಾಡಿತು.

"ನಿನಗಿಂತ ಮೊದಲು ಈ ದಾರಿಯಲ್ಲಿ ಹೋದದ್ದೂ ಒಂದು ವಿಮಾನವೇ," ಎಂದಿತು ಬಲೂನು. "ಅದೂ ತಾನು ಅಳೆದದ್ದು ತನ್ನದು ಅಂದಿತ್ತು."